ಒಳಗೆ ಮುಟ್ಟದ ಸುದ್ದಿ

ಬಸ್ಸಿನಲ್ಲಿ ಹಿಂದಿನ ಸೀಟಿನ ಮಗು ಕೆಮ್ಮಿದರೆ ನನಗೆ ಇಂದಿಗೂ ಬೆನ್ನು ಸೆಟೆಯುತ್ತದೆ. ಒಣ ಕೆಮ್ಮಾದರೆ ಸರಿ. ಕಫ ಗೊರಗುಟ್ಟಿದರೆ ತಿರುಗಿ ನೋಡಿಯೇಬಿಡುತ್ತೇನೆ. ಎಷ್ಟು ತಾಯಂದಿರು ನನ್ನನ್ನು ದೃಷ್ಟಿ ಹಾಕುವ ಮುದುಕಿ ಎಂದುಕೊಂಡರೋ. ಏನು ಮಾಡಲಿ ಹೇಳಿ, ನಾನು ಭಯ ಕಲಿತದ್ದು ಅಂಥದೊಂದು ಕೆಮ್ಮಿನಿಂದಲೇ.

ತೊಂಬತ್ತರ ದಶಕದ ನಡುವಿನ ಮಾತು. ಮೆಟ್ಟೂರಿನಲ್ಲಿದ್ದ ನನ್ನಕ್ಕನ ಮಗ ಕುಮಾರನಿಗೆ ಕಿವಿ ಸೋರುವುದು ನಿಂತರೆ ಎದೆ ಕಟ್ಟುತ್ತಿತ್ತು. ಅವಳ ಮೊದಲ ಗಂಡುಮಗು ಹಾಗೆಯೇ ಹೋಗಿತ್ತು. ಸೇಲಂನ ಡಾಕ್ಟರಮ್ಮ ಕುಮಾರನ ರಕ್ತವನ್ನು ದೂರದೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ರಕ್ತದಲ್ಲಿ ಬಿ ಕಣಗಳಿರುತ್ತವೆ. ಅವುಗಳ ಮೈಮೇಲೆ ರೋಗಾಣುವನ್ನು ಹಿಡಿಯುವ ಕೊಂಡಿಗಳು. ಹಿಡಿದರೆ ಸಾಲದು, ಸುದ್ದಿ ಒಳಗೆ ಮುಟ್ಟಬೇಕು. ಕಣ ಬಲಿಯುವುದಕ್ಕೂ ಅದೇ ದಾರಿಯ ಸುದ್ದಿ ಬೇಕು. ಅದನ್ನು ಸಾಗಿಸುವ ಒಂದು ಪ್ರೋಟೀನು ಕುಮಾರನಲ್ಲಿ ಕೆಟ್ಟಿದೆ. ಹಾಗಾಗಿ ರೋಗ ತಡೆಯುವ ಪ್ರತಿಕಾಯ ಹುಟ್ಟುವುದೇ ಇಲ್ಲ. ಬೇರೆಯವರ ರಕ್ತದಿಂದ ತೆಗೆದದ್ದನ್ನು ತಿಂಗಳು ತಿಂಗಳೂ ಏರಿಸಬೇಕು.

“ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುವುದು. ತಾಯಿಗೆ ಏನೂ ಆಗಿರುವುದಿಲ್ಲ,” ಎಂದವರು ನನ್ನ ಬಸುರಿನ ಹೊಟ್ಟೆ ನೋಡಿ ತಡೆದರು. “ತಂಗಿಯಲ್ಲೂ ಇರಬಹುದು.”

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದೇ ಕೂತಿದ್ದಳು. “ನಿಂಗೆ ಎಣ್ಮಗೂನೇ ಆಗ್ಲಿ ಕಣೇ,” ಅಂದಳು.

ಗಂಡಾಯಿತು. ಮೊದಲ ಕೆಲವು ತಿಂಗಳು ತಾಯಿಯ ಪ್ರತಿಕಾಯವೇ ಮಗುವನ್ನು ಕಾಯುತ್ತದೆ, ಆಮೇಲೆ ಗೊತ್ತಾಗುತ್ತದೆ ಎಂದಿದ್ದರು ಡಾಕ್ಟರಮ್ಮ. ಎಲ್ಲರೂ ಮಗು ಬೇಗ ಬೆಳೆಯಲಿ ಎಂದರೆ ನಾನೊಬ್ಬಳು ಬೆಳೆಯದಿರಲಿ ಎಂದುಕೊಳ್ಳುತ್ತಿದ್ದೆ. ಅವನು ತಾನಾಗಿ ಎದ್ದು ಕೂತ ದಿನ ಮನೆಮಂದಿ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಕಡೆಗೆ ಬಂದೇಬಂತು ಜ್ವರ, ಗೊರಗೊರ ಕೆಮ್ಮು. ಸೇಲಂನಲ್ಲಿ ರಕ್ತ ಕೊಟ್ಟು ಬಂದೆವು. ಅಕ್ಕ ಕುಮಾರನನ್ನು ಭಾವನ ಬಳಿ ಬಿಟ್ಟು ಬಂದು, ಫಲಿತಾಂಶ ಬರುವವರೆಗೂ ನನ್ನ ಜೊತೆಗೇ ಉಳಿದಳು. ನನ್ನ ಮಗನಲ್ಲಿ ಕೊರತೆ ಇರಲಿಲ್ಲ. ಅವಳು ಅವನನ್ನು ಎತ್ತಿಕೊಂಡು, “ನಮ್ ಕುಮಾರನ್ಗೆ ಇಲ್ದಿದ್ದು ಇವುನ್ಗೈತೆ. ಸಾಕು ಬುಡು,” ಅಂದಳು. ಆಗ ಅವಳ ಮುಖ ನೋಡಲು ನನಗಾಗಲಿಲ್ಲ.

ಕುಮಾರ ಬದುಕಿದ್ದಾನೆ. ಈಗಲೂ ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಂಡು ಮಾರನೆಯ ದಿನ ಕೆಲಸಕ್ಕೆ ಹೋಗುತ್ತಾನೆ. ಆದರೆ ಡಾಕ್ಟರಮ್ಮ ಅಂದೇ ಎಚ್ಚರಿಸಿದ್ದರು: ಮಗನಿಗೆ ಈ ದೋಷವಿಲ್ಲ ಎಂದ ಮಾತ್ರಕ್ಕೆ ನಿನ್ನಲ್ಲಿಲ್ಲ ಎಂದಲ್ಲ. ಆಮೇಲೆ ನನಗೊಬ್ಬ ಮಗಳು ಹುಟ್ಟಿದಳು. ನನ್ನಲ್ಲಿದ್ದರೆ ಮಾತ್ರ ಅವಳಿಗೂ ದಾಟಿರಬಹುದು. ಅವಳೀಗ ಬಸುರಿ.

ಮೊನ್ನೆ ಇಬ್ಬರೂ ಪರೀಕ್ಷೆಗೆ ಹೋದೆವು. “ಬಯಮಾ ಇರುಕ್ಕುಮ್ಮಾ,” ಎಂದು ತಮಿಳಿನಲ್ಲಿ ಅನ್ನುತ್ತಲೇ ಮಗಳು ರವಿಕೆಯ ತೋಳು ಮಡಿಸಲು ಹೊರಟಳು. ನಾನು ಅವಳನ್ನು ಸರಿಸಿ ಕುರ್ಚಿಯಲ್ಲಿ ಕೂತೆ.

“ನಂಗೂ ಐತೆ ಭಯ. ಮೊದ್ಲು ನಂದು ನೋಡ್ಲಿ.”