ಬಾಗಿಲು ಹಾಕಿಕೊಂಡು ಕೂರಬೇಕಂತೆ

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು. ಮದ್ದೂರಿನಲ್ಲಿ ಪಂಪ್‌ಸೆಟ್ಟಿನ ಮೋಟರು ರಿಪೇರಿ ಅಂಗಡಿ ಇಟ್ಟು, ಯಾರ ಮುಂದೆಯೂ ಕೈಚಾಚದೆ ಮನೆ ಕಟ್ಟಿದ್ದೇನೆ. ಅಂಥವನನ್ನು ಹುಡುಕಿಕೊಂಡು ಬಂದು, ಹಳ್ಳಿ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವ ಕೆಲಸ ನೋಡಿಕೊಳ್ಳಿ ಎಂದರು ಮೈಸೂರಿನ ಕೆಲವು ವಿದ್ಯಾವಂತರು. ಪಾಠ ಹೇಳುವವರು ಮೈಸೂರಿನಲ್ಲಿ, ಮಕ್ಕಳು ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ, ನಾನು ಮದ್ದೂರಿನಲ್ಲಿ. ಎಲ್ಲ ಫೋನಿನಲ್ಲೇ. ಯಾರೂ ಯಾರ ಮನೆಯ ಕಾಫಿಯನ್ನೂ ಕುಡಿಯದೆ ನಡೆಸುವ ಸಮಾಜಸೇವೆ. ನನಗೆ ಸಿಕ್ಕ ಪದವಿಯ ಹೆಸರು 'ಸಂಯೋಜಕ'.

"ಅಂಗಂದ್ರೆ ಸಂಬ್ಳ ಇಲ್ದೆ ದುಡಿಯೋನು ಅಂತಾನಾ?" ಎಂದಳು ಹೆಂಡತಿ.

ಬಂಡೂರಿನ ಪಕ್ಕದ ಹಳ್ಳಿಯ ಒಬ್ಬ ಹುಡುಗಿ ಪಿಯುಸಿ ಮುಗಿಸಿದ್ದಳು. ಮಂಡ್ಯದ ಒಂದು ಕಾಲೇಜಿನವರು ಫೋನಿನಲ್ಲೇ ಮುಖ ನೋಡಿ ಮಾತಾಡಿಸಿ, ಹಾಸ್ಟೆಲ್ ಸಮೇತ ಪುಕ್ಕಟೆ ಸೀಟು ಕೊಡುವವರಿದ್ದರು. ಅದು ತಪ್ಪಿದರೆ ಓದು ಬಂದ್ ಎಂದು ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ.

ಅವಳಿಗೆ ಗೊತ್ತುಮಾಡಿದ ಮಾರ್ಗದರ್ಶಕ ಒಬ್ಬ ಎಳೆಯ ಲೆಕ್ಚರರು. ಮಹಾ ಶಿಸ್ತುಗಾರ. ಅಭ್ಯಾಸದ ಸಂದರ್ಶನಕ್ಕೆ ವಿದ್ಯಾರ್ಥಿನಿ ಒಬ್ಬಳೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರತಕ್ಕದ್ದು, ಮನೆಯವರು ಆ ಕಡೆ ಸುಳಿಯಬಾರದು ಎಂದು ಮೆಸೇಜು ಕಳಿಸಿದ. ಹುಡುಗಿಯ ಫೋನು ಅಂದರೆ ಅವಳಪ್ಪನ ಫೋನು. ಅಪ್ಪ ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ, ಊರಿಗೆಲ್ಲ ಕೇಳಿಸಿ, ಆಮೇಲೆ ನನಗೆ ಫೋನು ಮಾಡಿದ.

"ಏನಣ್ಣ, ಮುಖನೇ ಕಂಡಿಲ್ದಿರೋ ಗಂಡ್ಸು ನನ್ ಮಗ್ಳ್ನ ರೂಮ್ಗೆ ಸೇರ್ಸಿ, ಬಾಗ್ಲಾಕುಸ್ಕಂಡು ಮಾತಾಡ್ತಾನಂತೆ. ನೀನೂ ಒಪ್ಕಂಡಿದ್ದೀಯಾ?"

"ಲೇ, ಅದು ಕಾಲೇಜಿನ್ ಅಭ್ಯಾಸ ಕಣ್ಲಾ."

"ಇಂತಾ ಅಭ್ಯಾಸ ನಮ್ ವಂಸದಲ್ಲೇ ಇಲ್ಲ. ಓದೂ ಬ್ಯಾಡ, ಏನೂ ಬ್ಯಾಡ ಬುಡು."

ಲೆಕ್ಚರರಿಗೆ ಫೋನು ಮಾಡಿದೆ. "ಸರ್, ಏಕಾಗ್ರತೆಗೆ ಏಕಾಂತ ಬೇಕಲ್ಲವೇ?" ಎಂದ. ಆ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ, ಅದರಲ್ಲಿ ಏಕಾಂತ ಅನುಭವಿಸುತ್ತಿರುವುದು ರಾಗಿ ಮೂಟೆಗಳು ಎಂದೆ. ಅದು ಅವನ ಪುಸ್ತಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ, ಹಾಗಾದರೆ ನೀವೇ ಏನಾದರೂ ಮಾಡಿ ಎಂದ.

ನಮ್ಮ ಕಡೆ ಫೋನು ಬಂದರೆ ಮನೆ ಮಂದಿಯೆಲ್ಲ ಮಾತಾಡುವುದೇ ಮರ್ಯಾದೆ. ಕೊನೆಗೆ ಹುಡುಗಿಯ ಅಪ್ಪನಿಗೆ ಹೇಳಿದೆ: "ಬಾಗ್ಲು ತೆಗ್ದಿರ್ಲಿ, ನೀನೂ ಕುಂತ್ಕೊ, ನಿಮ್ಮವ್ವನ್ನೂ ಕೂರುಸ್ಕೊ. ಸೀಟ್ ಕೊಡೋರು ಅದೇನ್ ಕೇಳ್ತಾರೋ ನೀನೇ ನೋಡು." ಗೊಣಗುತ್ತಾ ಒಪ್ಪಿದ. ಅಭ್ಯಾಸವೂ ಜಗಲಿಯಲ್ಲೇ, ಎಲ್ಲರ ಎದುರಿಗೇ ನಡೆಯಿತು.

ಸಂದರ್ಶನದ ದಿನ ನಾನೂ ಅಂಗಡಿಯಿಂದ ಫೋನಿನಲ್ಲಿ ಸೇರಿಕೊಂಡೆ. ಜಗಲಿಯಲ್ಲಿ ಮದುವೆ ಫೋಟೊ ತೆಗೆಸುವವರ ಹಾಗೆ ಕೂತಿದ್ದರು: ನಡುವೆ ಹುಡುಗಿ, ಆ ಕಡೆ ಅಪ್ಪ, ಈ ಕಡೆ ಎಲೆಯಡಿಕೆ ಜಗಿಯುವ ಅಜ್ಜಿ, ಹಿಂದೆ ಚಿಕ್ಕಪ್ಪ. ಕಾಲೇಜಿನ ಮೇಡಂ ಕನ್ನಡಕ ಸರಿಮಾಡಿಕೊಂಡು, "ನಿನ್ನ ಬಗ್ಗೆ ಹೇಳಮ್ಮ" ಎಂದರು.

ಅಭ್ಯಾಸದ ದಿನಗಳಲ್ಲೆಲ್ಲ "ಹೂಂ ಸರ್" ಬಿಟ್ಟು ಬೇರೆ ಮಾತಾಡದ ಹುಡುಗಿ ತಲೆ ತಗ್ಗಿಸಿದಳು. ಅಜ್ಜಿ ಶುರುಮಾಡಿತು.

"ನಮ್ಮುಡ್ಗಿ ಬಾಳ ಬುದ್ವಂತೆ ಕಣವ್ವ. ಕುರಿಗೆ ಕಾಯ್ಲೆ ಬಂದ್ರೆ ಇವ್ಳೇ ಔಸ್ದಿ ಆಕ್ತಾಳೆ."

"ಔಸ್ದಿ ಆಕೋನು ನಾನು," ಎಂದ ಚಿಕ್ಕಪ್ಪ.

"ನೀನಾ? ಓದ್ಸಲ ಸತ್ತಿದ್ ಟಗರು ಯಾರ್ದ್ಲಾ?" ಎಂದ ಅಪ್ಪ.

ಸೀಟು ಹೋಯಿತೆಂದು ನಾನು ಕಣ್ಣು ಮುಚ್ಚಿದೆ.

"ಎಲ್ರೂ ಬಾಯ್ಮುಚ್ಕಂಡ್ ಕುಂತ್ಕಳಿ! ಸೀಟ್ ಕೇಳ್ತಿರೋಳು ನಾನು!"

ಹುಡುಗಿಯೇ. ಕಣ್ಣು ತೆರೆದೆ. ಅವಳು ಫೋನಿನ ಕಡೆ ತಿರುಗಿ, ಯಾಕೆ ಓದಬೇಕು, ಮುಂದೇನು ಮಾಡಬೇಕು ಎಂದು ಉಸಿರು ಬಿಡದೆ ಹೇಳಿದಳು. ಚಿಕ್ಕಪ್ಪನ ಔಷಧಿಯಲ್ಲಿ ಏನು ತಪ್ಪಿತ್ತೆಂಬುದನ್ನೂ ಸೇರಿಸಿಯೇ. ಮೇಡಂ ಒಂದು ಕೇಳಿದರೆ ಮೂರು ಹೇಳಿದಳು. ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಫೋನಿಗೆ ಮೂಗು ತಾಗುವಷ್ಟು ಬಗ್ಗಿದ.

"ಮೇಡಮ್ನೋರೆ, ಆಸ್ಟಲ್ಲಿಗೆ ಆಸಿಗೆ ನಾವೇ ತರ್ಬೇಕಾ, ನೀವೇ ಕೊಡ್ತೀರಾ?"

ಸೀಟು ಕೊಡುತ್ತೇವೆಂದು ಯಾರೂ ಇನ್ನೂ ಹೇಳಿರಲಿಲ್ಲ. ಮೇಡಂ ಪಕ್ಕದವರ ಹತ್ತಿರ ಏನೋ ಪಿಸುಗುಟ್ಟಿ, ನಕ್ಕರು.

"ಸೀಟು ನಾವು ಕೊಡ್ತೀವಿ ಯಜಮಾನ್ರೇ. ಹಾಸಿಗೆ ನೀವೇ ತನ್ನಿ."

ದಿಂಬಿನ ವಿಚಾರ ಇತ್ಯರ್ಥವಾಗುವ ತನಕ ಅಜ್ಜಿ ಫೋನು ಇಡಲು ಬಿಡಲಿಲ್ಲ.