ದೋ ಮಿಯ ಮನೆಯ ತೆಂಗಿನಕಾಯಿ

ಸಿಗಡಿಗೆ ಉಪ್ಪು ಹಾಕಿ ಕೊಳೆಸಿ, ಅರೆದು, ಬಿಸಿಲಿಗಿಟ್ಟು, ಮತ್ತೆ ಕೊಳೆಸಿ ಮಾಡಿದ ಮುದ್ದೆಯನ್ನು ಬೆಂಕಿಯ ಮೇಲೆ ಸುಟ್ಟಾಗ ಬರುವ ವಾಸನೆ ನಿಮಗೆ ಗೊತ್ತುಂಟೋ ಇಲ್ಲವೋ. ಒಮ್ಮೆ ಮೂಸಿದ್ದರೆ ಸಾಯುವವರೆಗೂ ಮರೆಯಲಿಕ್ಕಿಲ್ಲ. ಕಳೆದ ಶುಕ್ರವಾರ ನಾವು ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ಊಟಕ್ಕೆ ಕೂತಿದ್ದೆವು. ಈ ಗಲ್ಫಿನ ದ್ವೀಪದಲ್ಲಿ ಸೆಗಯಾ ಎಂಬಲ್ಲಿನ ನಮ್ಮ ಹಳೇ ಕಟ್ಟಡದ ಮೆಟ್ಟಿಲು ಹತ್ತಿ ಆ ವಾಸನೆ ಮೂರನೇ ಮಹಡಿಗೆ ಬಂತು. ಮೊಮ್ಮಗ ಏಡನ್ ಮೂಗು ಹಿಡಿದುಕೊಂಡು "ಗ್ರ್ಯಾಂಪಾ, ಸಮ್‌ಥಿಂಗ್ ಡೈಡ್!" ಎಂದ. ಮಗಳು ಲವೀನಾ ನರ್ಸು, ಅವಳಿಗೆ ಎಲ್ಲ ವಾಸನೆಯೂ ಕಾಯಿಲೆಯೇ. "ಕೆಳಗಿನ ಫಿಲಿಪಿನೋ ಹುಡುಗಿಯರು ಎಂತದೋ ಸುಡ್ತಾ ಇದ್ದಾರೆ ಪಪ್ಪಾ. ನಾತೂರ್‌ಗೆ ಫೋನ್ ಮಾಡ್ತೇನೆ" ಎಂದು ಕಾವಲುಗಾರನ ನಂಬರು ಹುಡುಕತೊಡಗಿದಳು. "ಮಾಡು. ಆಮೇಲೆ ನಾನು ನಾತೂರ್‌ನ ರೂಮಿಗೇ ಶಿಫ್ಟ್ ಆಗ್ತೇನೆ" ಎಂದು ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಅದ್ಲಿಯಾದ ಹೋಟೆಲಿನಲ್ಲಿ ಕೆಲಸ ಮಾಡುವ ಆ ಹುಡುಗಿಯರು ಬಾಗಿಲು ತೆರೆದವರೇ "ಸಾರಿ ಸರ್, ಸಾರಿ" ಎಂದು ಕಿಟಕಿ ತೆಗೆಯಲು ಓಡಿದರು. ನಾನು ಅಂಗೈ ಚಾಚಿ ಒಂದು ಚಮಚ ಬೇಡಿದೆ. ಎಪ್ಪತ್ತು ದಾಟಿದ ಮುದುಕನೊಬ್ಬ ತಮ್ಮ ಬಾಗಿಲಲ್ಲಿ ನಿಂತು ಅದನ್ನು ನೆಕ್ಕಿ ಕಣ್ಣೊರೆಸಿಕೊಂಡದ್ದನ್ನು ಅವರು ಯಾರಿಗೆಲ್ಲ ಹೇಳಿದ್ದಾರೋ!

ಖಾರಕ್ಕೆ ಕಣ್ಣೀರು ಬಂತೆಂದು ಅವರಿಗೆ ಹೇಳಿದೆ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ದ್ವೀಪದಲ್ಲಿ ಹುಟ್ಟಿಲ್ಲ. ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದೆ. ಅಲ್ಲಿ ನಮ್ಮ ಮೇಲಿನವನ ಟಿಫಿನ್ ಡಬ್ಬಿಯನ್ನು ಮೇಜಿಗೆ ವೆಲ್ಡ್ ಮಾಡಿದವನು ಯಾರೆಂದು ಕೊನೆಯವರೆಗೂ ಪತ್ತೆಯಾಗಲಿಲ್ಲ. ಪಾಪ, ಅವನು ತೀರಿಕೊಂಡಿದ್ದಾನೆ, ಹಾಗಾಗಿ ಈಗ ಹೇಳಬಹುದು, ನಾನೇ. ಆದರೆ ಈ ಕಿತಾಪತಿಯ ಕಸುಬಿನಲ್ಲಿ ನನ್ನ ಅತಿ ದೊಡ್ಡ ಕೆಲಸ ನಡೆದದ್ದು ಇಲ್ಲಿ ಅಲ್ಲ. ಅದು ಬರ್ಮಾದ ಮೌಲ್‌ಮೇನ್ ಎಂಬ ಊರಿನಲ್ಲಿ, ನನಗೆ ಹನ್ನೊಂದು ತುಂಬಿದ ವರ್ಷ ನಡೆದದ್ದು.

ಅಪ್ಪ ಅಲ್ಲಿ ಸಾಗುವಾನಿ ಮಿಲ್ಲಿನ ಗುಮಾಸ್ತ. ಮಂಗಳೂರಿನಿಂದ ಮದುವೆಯಾಗಿ ಹೋದ ಅಮ್ಮ ಆ ಊರಲ್ಲೇ ನನ್ನನ್ನು ಹೆತ್ತಳು. ಗುಡ್ಡದ ಇಳಿಜಾರಿನಲ್ಲಿ ಪಗೋಡಗಳ ಕೆಳಗೆ, ಅಗಲವಾದ ಹೊಳೆಗೆ ಮುಖ ಮಾಡಿ ನಿಂತ ಎರಡು ಮಹಡಿಯ ಮರದ ಮನೆ. ಬೆಳಿಗ್ಗೆ ಮರ ಕೊಯ್ಯುವ ಗರಗಸದ ಸದ್ದು ಹೊಳೆಯ ಮೇಲಿನಿಂದ ಬರುತ್ತಿತ್ತು. ಮಧ್ಯಾಹ್ನ ನೆಲದ ಹಲಗೆಗಳು ಬಿಸಿಯಾಗಿ ಅಂಗಾಲಿಗೆ ಅಂಟಿಕೊಳ್ಳುತ್ತಿದ್ದವು, ಸಂಜೆ ಮೇಲೆ ಪಗೋಡಗಳಲ್ಲಿ ಸಣ್ಣ ಗಂಟೆಗಳು ಗಾಳಿಗೆ ತಾವೇ ಅಲುಗಾಡುತ್ತಿದ್ದವು. ಕೆಳಗಿನ ಮಹಡಿಯಲ್ಲಿ ನಾವು ಮಂಗಳೂರಿನ ಕ್ಯಾಥೊಲಿಕರು. ಹಿತ್ತಲ ಕೋಣೆಯಲ್ಲಿ ನಾವ್ ರೂತ್ ಎಂಬ ಕರೆನ್ ಟೀಚರು. ಕರೆನರು ಗುಡ್ಡಗಾಡಿನ ಜನ, ಅವರಲ್ಲಿ ಬಹಳ ಮಂದಿ ಬ್ಯಾಪ್ಟಿಸ್ಟ್ ಕ್ರೈಸ್ತರು; 'ನಾವ್' ಎಂಬುದು ಅವರ ಹೆಣ್ಣುಮಕ್ಕಳ ಹೆಸರಿನ ಮುಂದೆ ಬರುವ ಮಾತು. ಈಕೆಯ ಅಣ್ಣ ಸರಕಾರದ ವಿರುದ್ಧ ಕಾಡು ಸೇರಿದ್ದ ಎಂಬುದನ್ನು ಇಡೀ ಮನೆ ತಿಳಿದಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಮನೆಯೊಡತಿ ದೋ ಮಿ. 'ದೋ' ಎಂದರೆ ದೊಡ್ಡ ಹೆಂಗಸರಿಗೆ ಮರ್ಯಾದೆ, 'ಮಿ' ಎನ್ನುವುದು ಮೋನ್ ಹೆಣ್ಣುಮಕ್ಕಳ ಹೆಸರಿನ ಮೊದಲ ತುಂಡು. ಉಳಿದ ತುಂಡನ್ನು ನಾವು ಯಾರೂ ಕೇಳಿ ಇಟ್ಟುಕೊಳ್ಳಲಿಲ್ಲ. ಮೋನರು ಆ ಸೀಮೆಯ ಹಳೆಯ ಒಡೆಯರಂತೆ. ನಾನು ನೋಡುವ ಹೊತ್ತಿಗೆ ಅವರ ಭಾಷೆ ಶಾಲೆಯಲ್ಲಿಲ್ಲ, ಕಚೇರಿಯಲ್ಲಿಲ್ಲ, ದೋ ಮಿಯ ಅಡುಗೆಮನೆಯಲ್ಲಿ ಮಾತ್ರ ಇತ್ತು. ಅವಳು ಆ ಸಿಗಡಿ ಮುದ್ದೆಯನ್ನು ಸುಡುತ್ತಾ ಬೆಕ್ಕಿಗೆ ಬೈಯುತ್ತಿದ್ದುದು ಮೋನಿನಲ್ಲಿ, ನನಗೆ ಬೈಯುತ್ತಿದ್ದುದು ಬರ್ಮೀಸಿನಲ್ಲಿ. ಈಗ ನೆನಪಿನಲ್ಲಿ ಅವಳು ಅಪ್ಪಟ ಮಂಗಳೂರು ಕನ್ನಡವನ್ನೇ ಮಾತಾಡುತ್ತಾಳೆ, ಅದಕ್ಕೆ ನಾನು ಹೊಣೆಯಲ್ಲ. ನನ್ನನ್ನು ಅವಳು 'ಕಲಾಲೇ' ಎನ್ನುತ್ತಿದ್ದಳು. ಇಂಡಿಯಾದವರನ್ನು ಅಲ್ಲಿ 'ಕಲಾ' ಎಂದು ಕರೆಯುತ್ತಾರೆ, ಅದು ಬೈಗುಳವೋ ಮುದ್ದೋ ಎಂಬುದು ಹೇಳುವ ಬಾಯಿಯ ಮೇಲೆ. 'ಕಲಾಲೇ' ಎಂದರೆ ಪುಟ್ಟ ಕಲಾ. ಅವಳ ಬಾಯಲ್ಲಿ ಅದು ಬೆಲ್ಲ.

ಅವಳ ಚಾವಡಿಯ ಮೂಲೆಯಲ್ಲಿ ಬೆತ್ತದ ಪುಟ್ಟ ತೊಟ್ಟಿಲೊಳಗೆ ಒಂದು ತೆಂಗಿನಕಾಯಿ ತೂಗುತ್ತಿತ್ತು. ತಲೆಗೆ ಕೆಂಪು ರುಮಾಲು, ಅದರ ಸೆರಗು ಸುತ್ತಲೂ ಇಳಿಬಿದ್ದು ಕಾಯಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಅದು ಮನೆ ಕಾಯುವ ದೈವ. ಹಿಂದೊಬ್ಬ ಬಲಶಾಲಿ ಕಮ್ಮಾರನಿದ್ದನಂತೆ. ಅವನಿಗೆ ಹೆದರಿದ ರಾಜ ಮೋಸದಿಂದ ಕರೆಸಿ, ಮರಕ್ಕೆ ಕಟ್ಟಿ ಸುಟ್ಟನಂತೆ. ಸತ್ತವನು ಮನೆಮನೆಯ ಕಾವಲಿಗೆ ನಿಂತ. ಸುಟ್ಟ ಮೈಗೆ ತಂಪಾಗಲಿ ಎಂದು ಜನ ಅವನಿಗೆ ಎಳನೀರಲ್ಲ, ಬಲಿತ ಕಾಯಿಯನ್ನೇ ನೀರಿನ ಸಮೇತ ತೂಗುಹಾಕುತ್ತಾರೆ. ನಮ್ಮೂರಿನ ದೈವಗಳ ಜಾತಿಯವನೇ ಅನ್ನಿ. ಪ್ರತಿ ಹುಣ್ಣಿಮೆಗೆ ದೋ ಮಿ ಸ್ಟೂಲು ಹತ್ತಿ ಕಾಯಿಯನ್ನಿಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರುಂಟೆಂದು ಖಾತ್ರಿ ಮಾಡಿಕೊಂಡು ಮತ್ತೆ ಇಡುತ್ತಿದ್ದಳು. ಒಣಗಿದರೆ ಬದಲಾಯಿಸಬೇಕು.

ಆ ವರ್ಷ ಇಂಡಿಯಾದವರ ಅಂಗಡಿಗಳಿಗೆ ಸರಕಾರದ ಬೀಗ ಬಿದ್ದಿತ್ತು. ಅಕ್ಕಿಗೂ ಎಣ್ಣೆಗೂ ಸಾಲು. ಬೀದಿಯಲ್ಲಿ ಕಲಾಗಳ ಮೇಲೆ ಸಿಟ್ಟು ಸಣ್ಣಗೆ ಹೊಗೆಯಾಡುತ್ತಿತ್ತು. ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಅಮ್ಮ ಜೋಪಾನ ಮಾಡಿಟ್ಟ ಎರಡು ಕಾಯಿ ಒಡೆದಳು, ಎರಡೂ ಕೊಳೆತಿದ್ದವು. ಕಾಯಿ ಮತ್ತು ಎಳ್ಳಿನ ಹೂರಣ ತುಂಬಿದ ನೆವ್ರಿ ಇಲ್ಲದೆ ನಮ್ಮವರ ಕ್ರಿಸ್ಮಸ್ ತಟ್ಟೆ ತಟ್ಟೆಯಲ್ಲ. ಅಮ್ಮ ಕಾಯಿ ತುರಿಯುವ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತಲ್ಲೇ ಅತ್ತಳು. "ಇಲ್ಲಿ ಇದೇ ಕೊನೆಯ ಹಬ್ಬವೋ ಎಂತದೋ. ಅದೂ ಹೀಗೆ." ನಾನು ಎದೆ ತಟ್ಟಿ "ಒಂದು ಗಂಟೆಯಲ್ಲಿ ತರ್ತೇನೆ ನೋಡು" ಎಂದೆ.

ಒಂದು ಗಂಟೆ ಎಲ್ಲಿ, ಕಾಲು ಗಂಟೆ ಸಾಕಾಯಿತು. ದೋ ಮಿ ಪಗೋಡಕ್ಕೆ ಹೋಗಿದ್ದಳು, ನಾನು ಸ್ಟೂಲು ಹತ್ತಿ ದೈವದ ಕಾಯಿಯನ್ನಿಳಿಸಿದೆ. ನಾವ್ ರೂತ್ ಟೀಚರಿನ ಕಿಟಕಿಯಲ್ಲಿ ಹೊಗೆ ಹಿಡಿದ ಒಂದು ಸಣ್ಣ ಮಣ್ಣಿನ ಕುಡಿಕೆ ಇರುತ್ತಿತ್ತು, ಬಣ್ಣ ಥೇಟ್ ತೆಂಗಿನ ಚಿಪ್ಪಿನದ್ದು. ಅದನ್ನು ಎತ್ತಿ ತಂದು, ತೂಕಕ್ಕೆಂದು ಮರಳು ತುಂಬಿ, ಬೋರಲಾಗದಂತೆ ತೊಟ್ಟಿಲಲ್ಲಿ ಕೂರಿಸಿ, ಕೆಂಪು ರುಮಾಲು ಸುತ್ತಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದೆ. ನನಗೇ ಕೈಮುಗಿಯಬೇಕು ಅನ್ನಿಸಿತು. ಬೌದ್ಧರ ಕಾಯಿ, ಬ್ಯಾಪ್ಟಿಸ್ಟರ ಕುಡಿಕೆ, ಕ್ಯಾಥೊಲಿಕರ ಹಬ್ಬ! ಮೂರು ಮತಗಳನ್ನು ಒಂದೇ ಮಧ್ಯಾಹ್ನ ಒಟ್ಟು ಮಾಡಿದವನು ನನ್ನ ಹೊರತು ಇದ್ದರೆ ಹೇಳಿ. ಅಮ್ಮ ಕಾಯಿ ಒಡೆದು "ಅಬ್ಬ, ಎಂಥ ಬಲಿತ ಕಾಯಿ! ಯಾರು ಕೊಟ್ಟದ್ದು?" ಎಂದಳು. "ಒಬ್ಬ ಕಮ್ಮಾರ" ಎಂದೆ.

ಹಬ್ಬದ ಬೆಳಿಗ್ಗೆ ಅಮ್ಮ ನನ್ನ ಕೈಯಲ್ಲೇ ತಟ್ಟೆ ಕೊಟ್ಟು ಮೇಲೆ ಕಳಿಸಿದಳು. ದೋ ಮಿ ಸರಿಯಾಗಿ ಆ ಮೂಲೆಯ ಕೆಳಗೆ ಚಾಪೆ ಹಾಕಿಕೊಂಡು ಕೂತು ತಿಂದಳು. ಒಂದು, ಎರಡು, ಮೂರು... ಏಳು ನೆವ್ರಿ! ತುಟಿಯ ಸಕ್ಕರೆಯನ್ನು ಬೆರಳಲ್ಲಿ ಒರೆಸಿ ನೆಕ್ಕಿ, "ನಿಮ್ಮ ಯೇಸುವಿಗೆ ರುಚಿ ಗೊತ್ತುಂಟು ಮಾರಾಯ" ಎಂದಳು. ತನ್ನ ದೈವವನ್ನೇ ಜಗಿಯುತ್ತಿದ್ದಾಳೆ ಎಂದು ನನ್ನ ಹೊಟ್ಟೆ ನಗುವಿಗೆ ಹುಣ್ಣಾಗುವುದರಲ್ಲಿತ್ತು. ಕೆಳಗೆ ಬಂದು ಸ್ನಾನದ ಕೊಟ್ಟಿಗೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ.

ಆ ನಗು ಜನವರಿಯವರೆಗೆ ಬಾಳಿತು. ಒಂದು ದಿನ ಮಧ್ಯಾಹ್ನ ವಾರ್ಡಿನ ಅಧಿಕಾರಿ ಬಂದ. ಮನೆಯಲ್ಲಿರುವ ಪರದೇಶಿಗಳ ಪಟ್ಟಿ ಬೇಕೆಂದು ಅಪ್ಪನನ್ನೂ ಬಾಲದಂತೆ ನನ್ನನ್ನೂ ಮೇಲಿನ ಚಾವಡಿಗೆ ಕರೆಸಿದ. ಅಪ್ಪನ ಕೈಗೆ ಒಂದು ಕಾಗದ ಕೊಟ್ಟ. ಈ ದೇಶದಲ್ಲಿರುವ ಪರವಾನಗಿ ಇನ್ನು ಮುಂದಕ್ಕೆ ಸಿಗುವುದಿಲ್ಲ, ಮಿಲ್ಲಿನ ಕೆಲಸ ಈ ದೇಶದವನಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಅಪ್ಪ ಅದನ್ನು ಎರಡು ಸಲ ಓದಿದ. ಅಧಿಕಾರಿ ಬೇಸರ ಕಳೆಯಲು ಅತ್ತಿತ್ತ ನೋಡುತ್ತಾ ಮೂಲೆಗೆ ಬಂದು ನಿಂತ. "ಏನು ದೋ ಮಿ, ಮನೆ ತುಂಬ ಕಲಾಗಳನ್ನು ತುಂಬಿಕೊಂಡು ದೈವವನ್ನು ಸೊರಗಿಸಿದ್ದೀಯಲ್ಲ! ಇಷ್ಟು ಸಣ್ಣ ಕಾಯಿಯಾ?" ಎಂದು ಕೊಡೆಯ ತುದಿಯಿಂದ ಕೆಂಪು ಸೆರಗನ್ನು ಎತ್ತಲು ಹೋದ. ನನ್ನ ಚಡ್ಡಿ ಒದ್ದೆಯಾಗುವುದೊಂದು ಬಾಕಿ.

"ಮುಟ್ಟಬೇಡ" ಎಂದಳು ದೋ ಮಿ. ಧ್ವನಿ ಏರಿಸಲಿಲ್ಲ. "ಅವನ ಮೈ ಸುಟ್ಟದ್ದು. ಕೋಲು ತಾಗಿದರೆ ಉರಿಯುತ್ತದೆ. ಮತ್ತೆ ಆ ಉರಿ ಯಾರ ಮನೆಗೆ ಹೋಗ್ತದೋ ನನಗೆ ಗೊತ್ತಿಲ್ಲ." ಅವನು ಕೊಡೆ ಇಳಿಸಿದ. ಹೋಗುವಾಗ ಮೂಲೆಗೆ ಒಂದು ನಮಸ್ಕಾರವನ್ನೂ ಹಾಕಿ ಹೋದ.

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಾವಲಿನವನನ್ನು ಎತ್ತಿ ಅಮ್ಮನ ಮೆಟ್ಟುಕತ್ತಿಗೆ ಕೊಟ್ಟವನು ನಾನು. ಅದಾಗಿ ಒಂದೇ ತಿಂಗಳಲ್ಲಿ ದೇಶ ಬಿಡುವ ಕಾಗದ ಬಂತು. ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕೆ? ಅಪ್ಪ ಟ್ರಂಕಿಗೆ ಹಗ್ಗ ಬಿಗಿಯುವಾಗ, ಅಮ್ಮ ಅರ್ಧ ಪಾತ್ರೆಗಳನ್ನು ನಾವ್ ರೂತ್ ಟೀಚರಿಗೆ ಕೊಟ್ಟು ಇನ್ನರ್ಧದ ಮುಂದೆ ಸುಮ್ಮನೆ ಕೂತಾಗ, ಪ್ರತಿ ಸಲ ನನಗೆ ಆ ಕುಡಿಕೆಯೇ ಕಾಣುತ್ತಿತ್ತು. ದೋ ಮಿಗೆ ಹೇಳದೆ ದೋಣಿ ಹತ್ತಿದರೆ ಈ ಮನೆಯ ಶಾಪ ನನ್ನ ಜೊತೆಯೇ ಸಮುದ್ರ ದಾಟುತ್ತದೆ. ಹೇಳಿದರೆ, ಅವಳು ನನ್ನನ್ನು ಮತ್ತೆ 'ಕಲಾಲೇ' ಎನ್ನಲಿಕ್ಕಿಲ್ಲ. ಬರೀ 'ಕಲಾ' ಎಂದಾಳು.

ಹೊರಡುವ ಬೆಳಿಗ್ಗೆ ಮೇಲೆ ಹೋದೆ. ಅವಳು ಬಿಸಿಲಿಗೆ ಮೆಣಸು ಹರಡುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಕಕ್ಕಿದೆ. ಕೊನೆಗೆ "ನಾನು ಅವನನ್ನು ಓಡಿಸಿದ್ದಕ್ಕೇ ನಮ್ಮನ್ನು ಓಡಿಸ್ತಾ ಇದ್ದಾರಾ?" ಎಂದು ಕೇಳಿದೆ.

ಅವಳು ಮೆಣಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡಳು. "ನೀನು ಅಷ್ಟು ದೊಡ್ಡ ಜನವಾ?" ಎಂದಳು. "ನಿಮ್ಮನ್ನು ಕಳಿಸ್ಲಿಕ್ಕೆ ಅವರಿಗೆ ಸಿಪಾಯಿಗಳು ಬೇಕಾಯ್ತು, ಠಸ್ಸೆ ಬೇಕಾಯ್ತು, ಅಷ್ಟು ಕಾಗದ ಬೇಕಾಯ್ತು. ನೀನು ಒಂದು ಕಾಯಿ ಕದ್ದವ. ಅಷ್ಟೇ."

"ನಿಮಗೆ ಗೊತ್ತಿತ್ತಾ?"

"ಎರಡು ತಿಂಗಳು ನನ್ನ ಅಡುಗೆಮನೆಯ ಹೊಗೆ ಕುಡಿದ ಕಾಯಿಯ ರುಚಿ ನನಗೆ ಗೊತ್ತಾಗುವುದಿಲ್ವಾ? ಮೂರನೆಯ ನೆವ್ರಿಗೇ ಗೊತ್ತಾಯ್ತು."

"ಮತ್ತೆ ನಾಲ್ಕು ತಿಂದಿರಲ್ಲ!"

"ಚಂದ ಇತ್ತು" ಎಂದಳು. ಆಮೇಲೆ ನನ್ನ ಕಿವಿ ಹಿಡಿದು ಹತ್ತಿರಕ್ಕೆಳೆದು, ಮೊದಲ ಬಾರಿ ಗಂಭೀರವಾಗಿ ಹೇಳಿದಳು. "ನಾನು ಅವತ್ತು ಬೊಬ್ಬೆ ಹಾಕಿದ್ದರೆ ಎಂತ ಆಗ್ತಿತ್ತು ಗೊತ್ತುಂಟಾ? ಕಲಾನ ಮಗ ದೈವದ ಕಾಯಿ ತಿಂದ ಅಂತ ಇಡೀ ಬೀದಿ ನಿಮ್ಮ ಬಾಗಿಲಿಗೆ ಬರ್ತಿತ್ತು. ಅವರಿಗೆ ಒಂದು ನೆಪ ಸಾಕಿತ್ತು. ಇವತ್ತು ನೀವು, ನಾಳೆ ಆ ಟೀಚರು, ಆಮೇಲೆ ನಾನು. ಮಗ, ಇಲ್ಲಿ ಸಾಲು ಅಕ್ಕಿಗೆ ಮಾತ್ರ ಇರುವುದಲ್ಲ." ಹೊಳೆದಂಡೆಯಲ್ಲಿ ದೋಣಿಯ ಸೀಟಿ ಕೂಗಿತು. "ನಿನ್ನ ಅಮ್ಮನಿಗೆ ನೀರು ದಾಟುವವರೆಗೆ ಹೇಳಬೇಡ. ನಾಚಿಕೆಯಲ್ಲಿ ಸತ್ತೇ ಹೋಗ್ತಾಳೆ."

ಅವಳು ಸ್ಟೂಲನ್ನು ಮೂಲೆಗೆ ಎಳೆದಿಟ್ಟು ನನ್ನನ್ನು ಹತ್ತಿಸಿದಳು. ತೊಟ್ಟಿಲಿಂದ ಕುಡಿಕೆಯನ್ನು ಎತ್ತುವಾಗ ನನ್ನ ಮೊಣಕೈಗೆ ತಣ್ಣಗೆ ಏನೋ ಹರಿಯಿತು. ಒಳಗೆ ಮರಳಿರಲಿಲ್ಲ. ನಾನು ತುಂಬಿದ ಮರಳನ್ನು ಚೆಲ್ಲಿ, ಅವಳು ಕುಡಿಕೆಗೆ ಅಂಚಿನವರೆಗೂ ನೀರು ತುಂಬಿಸಿ ಇಟ್ಟಿದ್ದಳು. ಕೆಳಗಿನಿಂದ ಒಂದು ಹೊಸ ಕಾಯಿ ಎತ್ತಿ ಕೊಟ್ಟಳು. ಅನ್ಯರ ಕಲ್ಲುಬೊಂಬೆಗೆ ಕೈಮುಗಿದರೂ ಪಾಪ ಎಂದು ಕಲಿತ ನಾನು, ಪಾದ್ರಿಯ ಮುಖ ನೆನೆಯುತ್ತಾ, ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳಿ, ತೊಟ್ಟಿಲಲ್ಲಿ ಕೂರಿಸಿ ರುಮಾಲು ಕಟ್ಟಿದೆ. ಗಂಟು ಸೊಟ್ಟಗಾಯಿತು. ಅವಳು ಬಿಚ್ಚಿಸಿ ಮತ್ತೆ ಕಟ್ಟಿಸಿದಳು.

"ಕಟ್ಟಿದವ ಈ ಮನೆಯವ" ಎಂದಳು. "ಒಳಗೆ ನೀರು ಇರುವಷ್ಟು ದಿವಸ ನೀನು ಇಲ್ಲಿಯವ. ಒಣಗಿದಾಗ ಬಂದು ಬದಲು ಮಾಡಬೇಕು, ಕಲಾಲೇ. ಅದು ಇನ್ನು ನಿನ್ನ ಕೆಲಸ."

ಮುಂದಿನ ಕ್ರಿಸ್ಮಸ್ಸಿಗೆ ನಾವು ಮಂಗಳೂರಿನಲ್ಲಿ ಅಮ್ಮನ ಅಣ್ಣನ ಮನೆಯ ಹಿಂದಿನ ಒಂದು ಕೋಣೆಯಲ್ಲಿದ್ದೆವು. ನೆವ್ರಿಯ ಅಂಚು ಮಡಚುತ್ತಾ ಕೂತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಪೆಟ್ಟು ಬೀಳುತ್ತದೆಂದು ತಲೆ ತಗ್ಗಿಸಿದೆ. ಅವಳು ಕೈಯಲ್ಲಿದ್ದ ನೆವ್ರಿಯನ್ನು ಕೆಳಗಿಟ್ಟು, "ಏಳು ತಿಂದಳಾ?" ಎಂದು ಕೇಳಿದಳು. ಹೌದೆಂದೆ. "ಇನ್ನೊಂದು ತಟ್ಟೆ ಕಳಿಸಬೇಕಿತ್ತು" ಎಂದು ಮತ್ತೆ ಮಡಚತೊಡಗಿದಳು. ಮೂರು ಕಾಗದ ಬರೆಸಿದಳು, 'ದೋ ಮಿ, ಮರದ ಮನೆ, ಗುಡ್ಡದ ಬೀದಿ' ಎಂದು ಅರ್ಧ ಹೆಸರಿನ ವಿಳಾಸಕ್ಕೆ. ಒಂದಕ್ಕೂ ಉತ್ತರ ಬರಲಿಲ್ಲ. ನಾವ್ ರೂತ್ ಟೀಚರು ಉಳಿದಳೋ ಕಾಡಿಗೆ ಹೋದಳೋ, ಅದೂ ತಿಳಿಯಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಹುಣ್ಣಿಮೆಗಳನ್ನು ಎಣಿಸುತ್ತಿದ್ದೆ, ಆಮೇಲೆ ಎಣಿಕೆ ತಪ್ಪಿತು, ಹಡಗು ಹತ್ತಿ ಇಲ್ಲಿಗೆ ಬಂದೆ, ಜನರನ್ನು ನಗಿಸುತ್ತಾ ಮುದುಕನಾದೆ. ಆ ಕಾಯಿ ಒಂದು ವರ್ಷವೂ ಬಾಳಿರಲಿಕ್ಕಿಲ್ಲ. ನೀರು ಒಣಗಿದ ದಿನ ಅದನ್ನು ಬದಲಾಯಿಸಬೇಕಾದವನು ನಾನಾಗಿದ್ದೆ. ನನ್ನ ಕೆಲಸ ನನಗೇ ಇರಲಿ ಎಂದು ಅವಳು ಎಷ್ಟು ದಿನ ಆ ಸ್ಟೂಲನ್ನು ಮೂಲೆಯಲ್ಲಿ ಹಾಗೇ ಬಿಟ್ಟಿದ್ದಳೋ.