ದಿಣ್ಣೆಯ ಮೇಲಿನ ಮನೆ

ಎರಡು ಸಾವಿರದ ದಶಕದ ಮಧ್ಯಭಾಗ. ನಾನು ಆಗ ಮೈಸೂರಿನಲ್ಲಿ ನಗರ ಯೋಜನೆಯ ಸಹಾಯಕ ನಿರ್ದೇಶಕನಾಗಿದ್ದೆ. ನಂಜನಗೂಡು ರಸ್ತೆಯ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ಅದುವರೆಗೆ ವಿಮಾನಕ್ಕಿಂತ ದನಗಳ ಓಡಾಟವೇ ಹೆಚ್ಚು. ಅದನ್ನು ದೊಡ್ಡದು ಮಾಡಿ ಪ್ರಯಾಣಿಕರ ವಿಮಾನ ಇಳಿಸುವುದೆಂದು ತೀರ್ಮಾನವಾದದ್ದೇ ತಡ, ಸುತ್ತಲಿನ ಹೊಲಗಳಲ್ಲಿ ಬಡಾವಣೆಗಳು ನಾಯಿಕೊಡೆಗಳ ಹಾಗೆ ಎದ್ದವು. ಅಲ್ಲಿ ಯಾರು ಎಷ್ಟು ಎತ್ತರ ಕಟ್ಟಬಹುದೆಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಮೇಲಿನವರ ಅಪೇಕ್ಷೆ. ಜನರಿಗೆ ಮನೆಯೂ ಬೇಕಿತ್ತು, ವಿಮಾನವೂ ಬೇಕಿತ್ತು. ನಡುವೆ ಬೈಸಿಕೊಳ್ಳಲು ಒಬ್ಬ ಅಧಿಕಾರಿಯೂ ಬೇಕಿತ್ತು.

ಇಳಿಯುವ ವಿಮಾನ ರನ್‌ವೇ ಮುಟ್ಟುವ ಮೊದಲು ಆಕಾಶದಲ್ಲಿ ಒಂದು ಇಳಿಜಾರು ದಾರಿ ಹಿಡಿಯುತ್ತದೆ. ಅದಕ್ಕೆ ಅಪ್ರೋಚ್ ಫನಲ್ ಎನ್ನುತ್ತೇವೆ. ಅದರ ಕೆಳಗೆ ಮನೆಯಿರಲಿ, ನೀರಿನ ಟ್ಯಾಂಕಿರಲಿ, ಗೊತ್ತುಮಾಡಿದ ಮಟ್ಟವನ್ನು ಮೀರುವಂತಿಲ್ಲ. ಈ ಮಟ್ಟವನ್ನು ಅಳೆಯುವುದು ಮನೆಯ ಅಂಗಳದಿಂದಲ್ಲ, ಸಮುದ್ರಮಟ್ಟದಿಂದ. ಹಾಗಾಗಿ ತಗ್ಗಿನಲ್ಲಿ ಎರಡು ಮಹಡಿ ಕಟ್ಟಿದವನು ಪಾರಾಗಬಹುದು, ದಿಣ್ಣೆಯ ಮೇಲೆ ಒಂದು ಮಹಡಿ ಕಟ್ಟಿದವನು ಸಿಕ್ಕಿಬೀಳಬಹುದು. ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲ ಪಸೆ ಆರಿತ್ತು.

ಮಹದೇವಪ್ಪನವರು ಸಿಕ್ಕಿಬಿದ್ದದ್ದು ಹೀಗೆಯೇ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಹುಟ್ಟಿ ಬೆಳೆದದ್ದು ಟಿ. ನರಸೀಪುರದ ಹೊಳೆದಂಡೆಯಲ್ಲಿ. ಗೃಹ ನಿರ್ಮಾಣ ಸಂಘದ ಬಡಾವಣೆಯಲ್ಲಿ ಉಳಿದವರೆಲ್ಲ ರಸ್ತೆಗೆ ಹತ್ತಿರದ ಸೈಟಿಗಾಗಿ ಕಿತ್ತಾಡುತ್ತಿದ್ದರೆ ಇವರು ದಿಣ್ಣೆಯ ತುದಿಯನ್ನೇ ಕೇಳಿ ಪಡೆದಿದ್ದರು. ಅದೂ ಸಾಲದೆಂದು ತಳಪಾಯವನ್ನು ಸೊಂಟದೆತ್ತರ ಏರಿಸಿದ್ದರು. ನೆಲಮಹಡಿಯ ಚಾವಣಿಯೇ ಮಿತಿಗಿಂತ ಕೂದಲೆಳೆಯಷ್ಟೇ ಕೆಳಗಿತ್ತು. ಮುಂದೆ ಮಹಡಿ ಎತ್ತಲೆಂದು ಚಾವಣಿಯ ಮೇಲೆ ಕಂಬಿಗಳನ್ನು ಬಿಟ್ಟಿದ್ದರು. ಗಂಡ ತೀರಿಕೊಂಡು ಕೈಗೂಸಿನೊಂದಿಗೆ ತವರಿಗೆ ಬಂದಿದ್ದ ಮಗಳು ಭಾಗ್ಯಳಿಗಾಗಿ ಆ ಮಹಡಿ. ಅದಕ್ಕೆ ಒಪ್ಪಿಗೆ ಕೊಡಲು ನನಗೆ ದಾರಿಯೇ ಇರಲಿಲ್ಲ.

ಸ್ಥಳ ನೋಡಲು ಹೋದವನು ಸ್ವಲ್ಪ ಸಿಡುಕಿದೆ. ಹೊಳೆಯಿಂದ ಇಷ್ಟು ದೂರದಲ್ಲಿ ಇಷ್ಟೆತ್ತರದ ತಳಪಾಯ ಯಾವ ಪುರುಷಾರ್ಥಕ್ಕೆ ಎಂದು ಕೇಳಿದೆ. ಅವರು ಬೇಸರಿಸಲಿಲ್ಲ. ತಾವು ಚಿಕ್ಕವರಿದ್ದಾಗ ಕಾವೇರಿ, ಕಪಿಲೆ ಎರಡೂ ಒಟ್ಟಿಗೆ ಏರಿ, ನಸುಕಿನಲ್ಲಿ ಮಣ್ಣಿನ ಗೋಡೆ ನೆನೆದು ಕುಸಿದದ್ದನ್ನು, ಮಲಗಿದ್ದ ತಾಯಿ ಅದರಡಿ ಸಿಕ್ಕಿ ತೀರಿಹೋದದ್ದನ್ನು ಹೇಳಿದರು. ಹೊಳೆದಂಡೆಯವರು ಮನೆಗೆ ಜಾಗ ನೋಡುವಾಗ ಮೊದಲು ನೋಡುವುದು ಎತ್ತರವನ್ನೇ ಎಂದರು. ಆಮೇಲೆ ಕಂಬಿಯೊಂದನ್ನು ಹಿಡಿದು ನಿಂತು ಕೇಳಿದರು:

“ಕೆಳಗಿಂದ ನೀರು ಬತ್ತದೆ ಅಂತ ಮ್ಯಾಕ್ ಬಂದೆ ಸಾ. ಈಗ ಮ್ಯಾಲಿಂದ ಇಮಾನ ಬತ್ತದೆ ಅಂತೀರಿ. ನಾನು ಎಲ್ಲಿಗ್ ಓಗ್ಲಿ?”

ನಿಯಮವನ್ನು ಒಂದಿಷ್ಟು ಸಡಿಲಿಸೋಣವೆಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಮೋಡ ಕವಿದ ದಿನ ಕೆಳಗಿಳಿಯುವ ಪೈಲಟ್ಟಿಗೆ ಮಹದೇವಪ್ಪನವರ ಕಥೆ ಗೊತ್ತಿರುವುದಿಲ್ಲ. ಮಹಡಿಯ ಅರ್ಜಿಯನ್ನು ತಿರಸ್ಕರಿಸಿದೆ. ಆ ಕಂಬಿಗಳನ್ನು ಕತ್ತರಿಸಿದ ದಿನ ನನಗೆ ಊಟ ಸೇರಲಿಲ್ಲ.

ಹಾಗೆಂದು ಸುಮ್ಮನೆ ಕೂರಲೂ ಆಗಲಿಲ್ಲ. ಬಡಾವಣೆಯ ತಗ್ಗಿನ ಕೊನೆಯಲ್ಲಿ ಹಂಚಿಕೆಯಾಗದೆ ಉಳಿದ ಸಣ್ಣ ಸೈಟೊಂದಿತ್ತು. ವಿಮಾನದ ದಾರಿಯಿಂದ ಪಕ್ಕಕ್ಕೆ ಇದ್ದುದರಿಂದ ಅಲ್ಲಿ ಸದ್ದೂ ಕಡಿಮೆ. ಸಂಘದವರನ್ನು ಕಾಡಿ ಬೇಡಿ ಅದನ್ನು ಭಾಗ್ಯಳ ಮನೆಗೆಂದು ಕೊಡಿಸಿದೆ. ಮಹದೇವಪ್ಪನವರನ್ನು ಅಲ್ಲಿಗೆ ಕರೆದೊಯ್ದು, ಲೆವೆಲ್ ನೋಡುವ ಉಪಕರಣ ನಿಲ್ಲಿಸಿ, ಈ ತಗ್ಗು ಕೂಡ ನಿಮ್ಮ ನರಸೀಪುರದ ಹೊಳೆದಂಡೆಗಿಂತ ಎಷ್ಟೋ ಮೇಲಿದೆ, ಇಲ್ಲಿಗೆ ಪ್ರವಾಹ ಬರಬೇಕಾದರೆ ಅರ್ಧ ಜಿಲ್ಲೆಯೇ ಮುಳುಗಬೇಕು ಎಂದು ಲೆಕ್ಕ ಸಮೇತ ತೋರಿಸಿದೆ. ಅವರು ತಲೆಯಾಡಿಸಿದರು. ಒಪ್ಪಿದರೆಂದು ನಾನು ಬೀಗಿದೆ.

ತಗ್ಗಿನ ಮನೆಯ ಗೃಹಪ್ರವೇಶಕ್ಕೆ ನನಗೂ ಕರೆ ಬಂತು. ಹೋಗಿ ನೋಡಿದರೆ ಹಾಲುಕ್ಕಿಸುತ್ತಿದ್ದವರು ಭಾಗ್ಯ ಅಲ್ಲ, ಅವಳ ತಾಯಿ. ದಿಣ್ಣೆಯ ಮನೆಯನ್ನು ಮಗಳಿಗೂ ಮೊಮ್ಮಗನಿಗೂ ಬಿಟ್ಟು ಗಂಡ ಹೆಂಡತಿ ಕೆಳಗೆ ಬಂದುಬಿಟ್ಟಿದ್ದರು. ನನಗೆ ಕಸಿವಿಸಿಯಾಯಿತು. ಹಾರಾಟ ಶುರುವಾದರೆ ಮೇಲೆ ಮಗುವಿಗೆ ನಿದ್ದೆಯಿರದು, ಸದ್ದಿನಿಂದ ದೂರವಿರಲೆಂದೇ ಅವಳಿಗೆ ಈ ಸೈಟು ಕೊಡಿಸಿದ್ದು ಎಂದೆ. ಅಂದು ತೋರಿಸಿದ ಲೆಕ್ಕವನ್ನೂ ನೆನಪಿಸಿದೆ.

ಮಹದೇವಪ್ಪನವರು ಎಲೆಯಡಿಕೆ ತಟ್ಟೆಯನ್ನು ನನ್ನ ಮುಂದೆ ಸರಿಸಿ ಮೆಲ್ಲಗೆ ಹೇಳಿದರು:

“ನೀವ್ ತೋರ್ಸಿದ್ ಲೆಕ್ಕ ಸರಿಯಾಗೇ ಅದೆ ಸಾ. ಆದ್ರೆ ಇಮಾನ ಸದ್ದು ಮಾಡ್ಕಂಡ್ ಬತ್ತದೆ. ಕೂಸು ಎದ್ದು ಅಳ್ತದೆ, ಅಷ್ಟೆಯ. ನೀರು ಸದ್ದು ಮಾಡಾಕಿಲ್ಲ. ನಮ್ಮವ್ವ ಏಳ್ಲೇ ಇಲ್ಲ.”

ಎತ್ತರದ ಮಿತಿಯನ್ನು ನಿವೃತ್ತಿಯಾಗುವವರೆಗೆ ನಾನು ಯಾರಿಗೂ ಬಿಟ್ಟುಕೊಡಲಿಲ್ಲ; ಕೊಡಲೂ ಬಾರದು. ಆದರೆ ಆ ಗೃಹಪ್ರವೇಶದ ನಂತರ, ಯಾರದೇ ಅರ್ಜಿಯನ್ನು ತಳ್ಳುವ ಮೊದಲು, ಈ ಜಾಗವನ್ನೇ ಏಕೆ ಆರಿಸಿಕೊಂಡಿರಿ ಎಂದು ಕೂರಿಸಿ ಕೇಳುತ್ತಿದ್ದೆ. ಕೇಳಿದ ಮೇಲೂ ಇಲ್ಲವೆಂದೇ ಬರೆಯಬೇಕಾದ ದಿನಗಳೇ ಹೆಚ್ಚು. ಹಾಗೆ ಬರೆಯುವುದು ಕೊನೆಯವರೆಗೂ ನನಗೆ ಸುಲಭವಾಗಲಿಲ್ಲ. ಸುಲಭವಾಗಬಾರದು ಎಂಬುದೇ ಆ ಹುದ್ದೆ ನನಗೆ ಕಲಿಸಿದ ಪಾಠ.